ಬ್ರಯರ್, ಹುಣಸೆ, ಕಾಫಿ ಬೊಡ್ಡೆ: ಮೂರು ಪೈಪು ಮಾಡಿ ಸೇದಿ ನೋಡಿದ್ದು

ನಮ್ಮಜ್ಜನ ಪೈಪು ನನ್ನ ಕೈಗೆ ಬಂದಾಗ ಅದರ ಅವಸ್ಥೆ ಕೇಳಬೇಡಿ. ಬಟ್ಟಲಿನ ಅಂಚು ಸುಟ್ಟು ಕರಿಯಾಗಿತ್ತು. ಬಾಯಿಗಿಡುವ ಕೊಳವೆ ಪಾಚಿ ಹಿಡಿದ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಬಟ್ಟಲಿನ ತಳದಲ್ಲಿ ಕಡಲೆಕಾಳಿನಷ್ಟು ಗುಳಿ. ಅಜ್ಜ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ಕೊಟ್ಟು ಹೋದ ಪೈಪು ಅಂತ ಮನೆಯಲ್ಲಿ ಮಾತು. ಅದೊಂದನ್ನು ಸರಿ ಮಾಡೋಣ ಅಂತ ಶುರು ಮಾಡಿದೆ. ನಾಲ್ಕು ವರ್ಷದಲ್ಲಿ ಹನ್ನೊಂದು ಹೊಸ ಪೈಪು ಮಾಡಿದೆ. ಅದರಲ್ಲಿ ಐದು ನೀರೊಲೆಗೆ ಹೋದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂಬಾಕು ಒಳ್ಳೆಯದಲ್ಲ, ಪೈಪಿನಲ್ಲಿ ಸೇದಿದರೂ ಅಲ್ಲ. ನಾನು ಸೇದುವುದು ಭಾನುವಾರ ಸಂಜೆ ತಾರಸಿಯ ಮೇಲೆ, ಅದೂ ಪರೀಕ್ಷೆಯ ನೆಪದಲ್ಲಿ. ನೆಪ ಅಂತ ನಮ್ಮನೆಯವಳಿಗೂ ಗೊತ್ತು. ಮೈಸೂರಿನಲ್ಲಿ ನಮ್ಮ ಕಾರ್ ಶೆಡ್ಡಿನ ಅರ್ಧ ಭಾಗ ನನ್ನ ಮರಗೆಲಸದ ಜಾಗ: ಒಂದು ಚಿಕ್ಕ ಲೇತು, ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ಲು, ನಾಲ್ಕು ಅರ, ಒಂದು ಬಫ್ ಚಕ್ರ. ಅಷ್ಟೇ.

ಹೋಲಿಸಬೇಕಾದರೆ ಉಳಿದದ್ದೆಲ್ಲ ಒಂದೇ ಇರಬೇಕಲ್ವಾ? ಹಾಗಾಗಿ ಮೂರನ್ನೂ ಒಂದೇ ನೇರ ಆಕಾರಕ್ಕೆ ಮಾಡಿದೆ. ಬಟ್ಟಲಿನ ಒಳಗಲ 19 ಮಿಲಿಮೀಟರ್, ಆಳ 38. ಹೊಗೆ ಬರುವ ತೂತು 4 ಮಿಲಿಮೀಟರ್. ತಂಬಾಕು ಒಂದೇ ಡಬ್ಬಿಯದು. ಒಂದೊಂದರಲ್ಲೂ ಹತ್ತು ಸಲ ಸೇದುವುದು ಅಂತ ಲೆಕ್ಕ.

ಮೊದಲು ಬ್ರಯರ್. ಇದು ಕಾಂಡದ ಮರ ಅಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಅನ್ನುವ ಪೊದೆಯ ಬುಡದಲ್ಲಿ, ಮಣ್ಣಿನೊಳಗೆ ಬಲಿಯುವ ಗಂಟು. ಕಾಡ್ಗಿಚ್ಚಿಗೆ ಮೇಲಿನದೆಲ್ಲ ಸುಟ್ಟುಹೋದರೂ ಗಿಡ ಈ ಗಂಟಿನಿಂದ ಮತ್ತೆ ಚಿಗುರುತ್ತದೆ. ಫ್ರಾನ್ಸಿನ ಸೇಂಟ್ ಕ್ಲೋದ್ ಊರಿನ ಕೆತ್ತನೆಗಾರರು 1850ರ ಆಸುಪಾಸಿನಲ್ಲಿ ಇದನ್ನು ಹಿಡಿದುಕೊಂಡ ಮೇಲೆ ಬೇರೆ ಮರಗಳೆಲ್ಲ ಹಿಂದೆ ಬಿದ್ದವು. ಗಂಟನ್ನು ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಳಗಿನ ರಸ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ನಾನು ತರಿಸಿದ ತುಂಡಿಗೆ ಸಾಗಣೆ, ಸುಂಕ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಬಿತ್ತು. ಒಂದು ಮುಷ್ಟಿ ಮರಕ್ಕೆ!

ಆದರೆ ಉಳಿ ಇಟ್ಟ ಕೂಡಲೇ ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯಿತು. ಎಳೆ ಯಾವ ಕಡೆಗೂ ಸೀಳುವುದಿಲ್ಲ. ಅರ ಹಾಕಿದರೆ ಗಟ್ಟಿ ಬೆಲ್ಲದ ಹಾಗೆ ನುಣ್ಣಗೆ ಉದುರುತ್ತದೆ. ಹತ್ತು ಸಲ ಸೇದಿದ ಮೇಲೂ ಅಂಚು ಸುಟ್ಟಿರಲಿಲ್ಲ. ಆತುರದಲ್ಲಿ ಜೋರಾಗಿ ಎಳೆದಾಗಲೂ ಹೊರಮೈ ಬೆಚ್ಚಗಿತ್ತೇ ಹೊರತು ಕೈ ಸುಡಲಿಲ್ಲ. ಕೊಳವೆ ಸೇರಿ ತೂಕ 41 ಗ್ರಾಂ.

ಹುಣಸೆಯ ಮೇಲೆ ನನಗೆ ದೊಡ್ಡ ನಂಬಿಕೆ ಇತ್ತು. ಗಾಣಕ್ಕೆ, ಒನಕೆಗೆ, ಮಾಂಸ ಕಡಿಯುವ ದಿಮ್ಮಿಗೆ ಹುಣಸೆಯನ್ನೇ ಹುಡುಕುತ್ತಿದ್ದರು. ಅಷ್ಟು ಗಟ್ಟಿ ಮರ ಬೆಂಕಿಗೆ ಹೆದರುತ್ತದೆಯೇ ಅಂದುಕೊಂಡೆ. ಹಳೇ ಮರದ ಚೇಗು ಸಿಕ್ಕಿತ್ತು, ನೇರಳೆ ಕಂದು ಬಣ್ಣ, ನೋಡಿದರೆ ಕಣ್ಣು ಕೀಳಲಾಗದು. ಕೊರೆಯುವಾಗ ಡ್ರಿಲ್ಲಿನ ಮೊನೆ ಎರಡು ಸಲ ಹೊಗೆಯಾಡಿತು. ಮುಗಿದಾಗ 63 ಗ್ರಾಂ. ಹಲ್ಲಲ್ಲಿ ಕಚ್ಚಿಕೊಂಡು ಐದು ನಿಮಿಷ ಕೂತರೆ ದವಡೆ ನೋವು. ನಾಲ್ಕನೇ ಸಲ ಸೇದುವಾಗ ಅಂಚಿನಿಂದ ಕೆಳಕ್ಕೆ ಕೂದಲೆಳೆಯ ಬಿರುಕು ಬಂತು. ಆರನೇ ಸಲಕ್ಕೆ ಅದರಿಂದ ಹೊಗೆ ಹೊರಗೆ ಬರತೊಡಗಿತು. ನನ್ನ ಊಹೆ ಇಷ್ಟು: ಒಳಮೈ ಬಿಸಿಗೆ ಹಿಗ್ಗುತ್ತದೆ, ಹೊರಮೈ ತಣ್ಣಗೇ ಇರುತ್ತದೆ, ಬಿಗಿದ ನೇರ ಎಳೆಯ ಮರಕ್ಕೆ ಬಗ್ಗುವ ಗುಣ ಇಲ್ಲ. ಗಟ್ಟಿತನ ಬೇರೆ, ಬಿಸಿ ತಡೆಯುವುದು ಬೇರೆ. ಹುಣಸೆ ಹತ್ತು ಸಲ ಮುಟ್ಟಲೇ ಇಲ್ಲ.

ಕಾಫಿ ಬೊಡ್ಡೆಯ ಯೋಚನೆ ಕೊಟ್ಟಿದ್ದು ಬ್ರಯರೇ. ಅದು ಬುಡದ ಗಂಟಾದರೆ, ನಮ್ಮಲ್ಲೂ ಒಂದು ಬುಡ ಇದೆಯಲ್ಲ? ತೋಟಗಳಲ್ಲಿ ಹಳೇ ಗಿಡ ಕಿತ್ತು ಹೊಸದು ನೆಡುವಾಗ ಬೊಡ್ಡೆಗಳು ರಾಶಿ ಬೀಳುತ್ತವೆ. ಹೆಚ್ಚಿನವು ಸೌದೆ. ನಮ್ಮ ಮಾವನ ತೋಟದಿಂದ ಐದು ರೊಬಸ್ಟಾ ಬೊಡ್ಡೆ ತಂದೆ. ಬೇರು ಕಾಂಡ ಸೇರುವ ಜಾಗದಲ್ಲಿ ಎಳೆ ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಅಲ್ಲೇ ತುಂಡು ಮಾಡಿದೆ. ಬ್ರಯರಿನವರಂತೆ ನಾನೂ ಹಂಡೆಯಲ್ಲಿ ಹಾಕಿ ಒಂದು ಹಗಲು ಕುದಿಸಿದೆ. ನೀರು ಕಡು ಟೀ ಬಣ್ಣಕ್ಕೆ ಬಂತು. ಕಾಫಿ ವಾಸನೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ನೆನೆದ ಹುಲ್ಲಿನ ವಾಸನೆ. ತುದಿಗಳಿಗೆ ಮೇಣ ಬಳಿದು ಎಂಟು ತಿಂಗಳು ಅಟ್ಟದಲ್ಲಿಟ್ಟೆ. ಅಷ್ಟರಲ್ಲಿ ಎರಡು ಸೀಳಿದವು. ಮೂರನೆಯದು ಲೇತಿನ ಮೇಲೆ ಸೀಳಿತು, ಒಳಗೆ ಇನ್ನೂ ಹಸಿ ಇತ್ತು. ಉಳಿದದ್ದು ಎರಡು.

ಆ ಎರಡು ಪರವಾಗಿಲ್ಲ. ಬೆಣ್ಣೆ ಬಣ್ಣದ ಸಣ್ಣ ಎಳೆಯ ಮರ, ನಯವಾಗಿ ಪಾಲಿಶ್ ತಗೊಳ್ಳುತ್ತದೆ. 49 ಗ್ರಾಂ. ಬ್ರಯರಿಗಿಂತ ಬೇಗ ಬಿಸಿಯಾಗುತ್ತದೆ, ಅದು ನಿಜ. ಗೋಡೆ 6 ಮಿಲಿಮೀಟರ್ ಇದ್ದದ್ದು ಕೈಗೆ ಚುರುಕ್ ಅಂದಿತು. ಎರಡನೆಯದಕ್ಕೆ 9 ಇಟ್ಟೆ, ಸರಿಹೋಯಿತು. ಮೊದಲ ಮೂರು ಸಲ ಹಸಿ ಸೌದೆಯ ಕಹಿ, ಆಮೇಲೆ ಇಲ್ಲ. ಹತ್ತು ಸಲದ ಕೊನೆಗೆ ಅಂಚು ಸ್ವಲ್ಪ ಸುಟ್ಟಿತ್ತು, ಬಿರುಕು ಇರಲಿಲ್ಲ.

ನಡುವೆ ದಾವಣಗೆರೆಯ ಮೆಕ್ಕೆಜೋಳದ ದಿಂಡಿನಲ್ಲೂ ಒಂದು ಮಾಡಿದ್ದೆ, ಅಮೆರಿಕದ ಮಿಸ್ಸೂರಿಯಲ್ಲಿ 1869ರಿಂದ ಮಾಡುತ್ತಾರಲ್ಲ ಅಂತ. ಅವರದು ಇದಕ್ಕೆಂದೇ ಬೆಳೆದ ದಪ್ಪ ದಿಂಡು, ನಮ್ಮದು ಮಿದು. ಮೂರು ಸಂಜೆಗೆ ತೂತು ಬಿತ್ತು. ನಗು ಬಂತು, ಬಿಟ್ಟೆ. ಬೀಟೆಗೆ ಕೈ ಹಾಕಲಿಲ್ಲ. ಅದರ ಪುಡಿಗೇ ನನ್ನ ಮೊಣಕೈ ತನಕ ಕಡಿತ ಏಳುತ್ತದೆ, ಆ ಮರದೊಳಗಿನ ಎಣ್ಣೆ ಸುಟ್ಟ ಹೊಗೆ ಒಳಗೆ ಎಳೆಯುವ ಧೈರ್ಯ ಇಲ್ಲ. ಕಣಗಿಲೆಯನ್ನಂತೂ ಯಾರೂ ಮುಟ್ಟಬೇಡಿ, ಅದು ವಿಷ.

ಇಷ್ಟೆಲ್ಲ ಆದ ಮೇಲೆ ನಾಚಿಕೆಯಾಗುವ ವಿಷಯ ಒಂದು ಗೊತ್ತಾಯಿತು. ನಾನು ಮರಕ್ಕೆ ಕೊಟ್ಟ ತಲೆಯ ಅರ್ಧದಷ್ಟನ್ನು ತೂತಿಗೆ ಕೊಟ್ಟಿದ್ದರೆ ಆ ಐದು ಪೈಪು ನೀರೊಲೆಗೆ ಹೋಗುತ್ತಿರಲಿಲ್ಲ. ನನ್ನ ಮೊದಮೊದಲ ಪೈಪುಗಳಲ್ಲಿ ಹೊಗೆ ತೂತು 3 ಮಿಲಿಮೀಟರ್. ಎಳೆದರೆ ಸಿಳ್ಳೆ ಹೊಡೆಯುತ್ತಿತ್ತು. ಹೊಗೆ ಸಾಲದೆ ಜೋರಾಗಿ ಎಳೆಯುತ್ತಿದ್ದೆ, ಜೋರಾಗಿ ಎಳೆದಷ್ಟೂ ಬಟ್ಟಲು ಕಾಯುತ್ತಿತ್ತು, ಬೈಗುಳ ಮರಕ್ಕೆ. ಇನ್ನೊಂದರಲ್ಲಿ ತೂತು ಬಟ್ಟಲಿನ ತಳಕ್ಕಿಂತ 3 ಮಿಲಿಮೀಟರ್ ಮೇಲೆ ತೆರೆದುಕೊಂಡಿತ್ತು. ಕೆಳಗುಳಿದ ತಂಬಾಕು ನೆನೆದು ಗೊಜ್ಜಾಗುತ್ತಿತ್ತು, ಗುಳುಗುಳು ಸದ್ದು ಬೇರೆ. ಪರೀಕ್ಷೆಗೆ ಅಂತ ಅದೇ ದುಬಾರಿ ಬ್ರಯರಿನ ಇನ್ನೊಂದು ತುಂಡಿನಲ್ಲಿ ಬೇಕೆಂದೇ 3 ಮಿಲಿಮೀಟರ್ ತೂತು ಕೊರೆದೆ. 9 ಮಿಲಿಮೀಟರ್ ಗೋಡೆಯ ಕಾಫಿ ಬೊಡ್ಡೆಯಲ್ಲಿ 4 ಇತ್ತು. ಕಾಫಿಯೇ ಗೆದ್ದಿತು, ಅದೂ ಸುಲಭವಾಗಿ.

ಅದಕ್ಕೇ ಈಗ ಮೊದಲು ಚೌಕದ ತುಂಡಿಗೇ ತೂತು ಕೊರೆಯುತ್ತೇನೆ, ಆಮೇಲೆ ಆಕಾರ. ಚೌಕವಾಗಿದ್ದಾಗ ಹಿಡಿಯಲು ನಾಲ್ಕು ನೇರ ಮೈ ಇರುತ್ತವೆ. ಚೆಂದದ ಆಕಾರ ಕೆತ್ತಿಕೊಂಡು ಆಮೇಲೆ ತೂತು ಗುರಿ ಇಡುವುದು ಅಂದರೆ ತೊಟ್ಟಿಲು ಕಟ್ಟಿ ಆಮೇಲೆ ಮದುವೆಗೆ ಹೊರಟ ಹಾಗೆ.

ಮರ ಸುಡದ ಹಾಗೆ ಬಟ್ಟಲಿನ ಒಳಮೈಗೆ ಬಳಿಯುವ ಲೇಪದಲ್ಲಿ ಎರಡು ದಾರಿ ನೋಡಿದೆ. ಒಂದು, ಮಜ್ಜಿಗೆಗೆ ಆಕ್ಟಿವೇಟೆಡ್ ಇದ್ದಿಲು ಪುಡಿ ಕಲಸಿ ಬಳಿಯುವುದು. ಯುರೋಪು ಅಮೆರಿಕದ ಪೈಪು ಮಾಡುವವರದ್ದೇ ಈ ಉಪಾಯ, ಓದಿದಾಗ ನಮ್ಮ ಯಾವುದೋ ಅಜ್ಜಿಯದು ಅನ್ನಿಸಿತ್ತು. ಇನ್ನೊಂದು, ಫೌಂಡ್ರಿಯವರು ಮರಳಿನ ಅಚ್ಚಿಗೆ ಬಳಸುವ ವಾಟರ್ ಗ್ಲಾಸ್, ಅಂದರೆ ಸೋಡಿಯಂ ಸಿಲಿಕೇಟ್. ಮಜ್ಜಿಗೆ ಲೇಪ ಎರಡು ದಿನ ಹುಳಿ ನಾತ ಹೊಡೆಯಿತು, ಒಣಗಿದ ಮೇಲೆ ವಾಸನೆ ರುಚಿ ಏನೂ ಇಲ್ಲ. ವಾಟರ್ ಗ್ಲಾಸ್ ಕಲ್ಲಿನ ಹಾಗೆ ಕೂರುತ್ತದೆ. ಆದರೆ ಮೊದಲ ಕೆಲವು ಸಲ ಬಾಯಿಗೆ ಉಪ್ಪುಪ್ಪು. ಹೊಸ ಪೈಪಿಗೆ ನನ್ನ ಮತ ಮಜ್ಜಿಗೆಗೆ. ಅಜ್ಜನ ಪೈಪಿನ ಗುಳಿಗೆ ಮಾತ್ರ ಮಜ್ಜಿಗೆ ನಿಲ್ಲಲಿಲ್ಲ, ಒಣಗಿ ಉದುರಿತು. ಅಲ್ಲಿ ವಾಟರ್ ಗ್ಲಾಸಿಗೆ ಬೂದಿ ಕಲಸಿ ತುಂಬಿದೆ, ಕಚ್ಚಿಕೊಂಡಿತು.

ಇನ್ನು ಕೊಳವೆ. ಎಬೊನೈಟ್ ಮತ್ತು ಅಕ್ರಿಲಿಕ್. ಎಬೊನೈಟ್ ಅಂದರೆ ರಬ್ಬರಿಗೆ ಜಾಸ್ತಿ ಗಂಧಕ, ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಸೇರಿಸಿ ಬೇಯಿಸಿ ಗಟ್ಟಿ ಮಾಡಿದ್ದು. ನಮ್ಮ ದೇಶದಲ್ಲಿ ಇದರ ಸರಳು ಸಿಗುವುದಕ್ಕೆ ಇಂಕ್ ಪೆನ್ನಿನವರಿಗೆ ಕೈ ಮುಗಿಯಬೇಕು. ಆಂಧ್ರದ ರಾಜಮಹೇಂದ್ರಿಯಲ್ಲಿ ಇವತ್ತಿಗೂ ಎಬೊನೈಟ್ ಪೆನ್ನನ್ನು ಕೈಯಲ್ಲೇ ಲೇತಿಗೆ ಹಾಕಿ ಮಾಡುತ್ತಾರೆ. ಪೆನ್ನಿನ ಸರಳೇ ನನಗೆ ಪೈಪಿನ ಕೊಳವೆ.

ಎಬೊನೈಟ್ ಹಲ್ಲಿಗೆ ಮೆತ್ತಗೆ, ಅರಕ್ಕೆ ಸಲೀಸು. ತೂತಿನೊಳಗೆ ಪೈಪ್ ಕ್ಲೀನರ್, ಅಂದರೆ ನಾರು ಸುತ್ತಿದ ತಂತಿ, ತೂರಿಸಿಟ್ಟು ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿದರೆ ಬೇಕಾದಂತೆ ಬಾಗುತ್ತದೆ. ಬಿಸಿಲಿಗೆ ಹಸಿರಾಗುವುದು, ಗಂಧಕದ ನಾತ, ಇವು ಅದರ ರೋಗ. ಅಕ್ರಿಲಿಕ್ ಯಾವತ್ತೂ ಬಣ್ಣಗೆಡುವುದಿಲ್ಲ, ಆದರೆ ಗಾಜು ಕಚ್ಚಿದ ಹಾಗೆ. ಬಾಗಿಸಲು ಜಾಸ್ತಿ ಬಿಸಿ ಬೇಕು, ಒಂಚೂರು ಮೀರಿದರೆ ಒಳಗೆ ಗುಳ್ಳೆ ಏಳುತ್ತವೆ. ನನ್ನ ಅಕ್ರಿಲಿಕ್ ಕೊಳವೆ ಹಾಳಾಗಿದ್ದು ಬಿಸಿಗಲ್ಲ, ನನ್ನ ಶುಚಿಗೆ. ಮೆಡಿಕಲ್ ಸ್ಟೋರಿನ ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಮೈತುಂಬ ಜೇಡರ ಬಲೆಯಂಥ ಬಿರುಕು. ಸ್ಪಿರಿಟ್ ತಾಗಿಸಿ ಒರೆಸಿ ಬಿಡಬೇಕಿತ್ತು.

ಎಬೊನೈಟಿನ ಇನ್ನೊಂದು ಗುಣ ನನ್ನನ್ನು ಬೆಚ್ಚಿಬೀಳಿಸಿತು. ಅದಕ್ಕೆ ನೆನಪಿನ ಶಕ್ತಿ ಇದೆ. ಬಿಸಿ ಮಾಡಿದರೆ ಮೊದಲಿದ್ದ ಆಕಾರಕ್ಕೆ ತಾನೇ ಮರಳುತ್ತದೆ. ಅಜ್ಜನ ಕೊಳವೆಯ ತುದಿಯಲ್ಲಿ ಅವರ ಹಲ್ಲಿನ ಎರಡು ಗುಂಡಿ ಇದ್ದವು, ಮೇಲೊಂದು ಕೆಳಗೊಂದು. ಹಸಿರು ತೆಗೆಯಲು ಎಮರಿ ಪೇಪರ್ ಹಿಡಿಯುವ ಮೊದಲು ಸುಮ್ನೆ ಒಂದು ನಿಮಿಷ ಬಿಸಿಗಾಳಿ ತೋರಿಸಿದೆ. ಕಣ್ಣೆದುರೇ ಎರಡೂ ಗುಂಡಿ ಮೇಲೆದ್ದು ಸಪಾಟಾದವು. ಒಳ್ಳೇ ಕೆಲಸ ಅಂತ ಅಪ್ಪನಿಗೆ ತೋರಿಸಿದೆ. ಅಪ್ಪ ತುದಿಯ ಮೇಲೆ ಹೆಬ್ಬೆರಳು ಆಡಿಸಿ, "ಇದು ಹೊಸದು ಹಾಕ್ಸಿದ್ಯಾ?" ಅಂದರು.

ಹೊರಗಿನ ಹೊಳಪಿಗೆ ಚನ್ನಪಟ್ಟಣದ ಅರಗು ಹಾಕಿ ನೋಡಿದೆ. ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಕೂರುತ್ತದೆ. ಬೊಂಬೆಗೆ ಅದರಷ್ಟು ಚೆಂದ ಇನ್ನೊಂದಿಲ್ಲ. ಪೈಪಿಗೆ ಆ ಗುಣವೇ ಶತ್ರು. ಬಿಸಿಗೆ ಕೂತದ್ದು ಬಿಸಿಗೇ ಏಳುತ್ತದೆ, ಬೆರಳಿನ ಗುರುತೆಲ್ಲ ಕೆಂಪು ಅರಗಿನಲ್ಲಿ ಮೂಡಿತು. ಜೇನುಮೇಣ 65 ಡಿಗ್ರಿಯೊಳಗೇ ಕರಗಿ ಅಂಟಂಟಾಗುತ್ತದೆ. ಬ್ರೆಜಿಲಿನ ತಾಳೆಯ ಕಾರ್ನೂಬಾ ಮೇಣ ಕರಗಲು 80 ದಾಟಬೇಕು. ಬಫ್ ಚಕ್ರಕ್ಕೆ ಅದನ್ನೇ ಹಚ್ಚುತ್ತೇನೆ. ಕತ್ತಿನ ಹತ್ತಿರ, ಬಿಸಿ ತಾಗದ ಕಡೆ, ಒಂದು ತೆಳು ಅರಗಿನ ಬಳೆ ಮಾತ್ರ ಉಳಿಸಿಕೊಂಡಿದ್ದೇನೆ. ಚನ್ನಪಟ್ಟಣದ ಮೇಲಿನ ಪ್ರೀತಿಗೆ.

ಹಳೇ ವಾಸನೆ ತೆಗೆಯಲು ಉಪ್ಪು ತುಂಬಿ ಸ್ಪಿರಿಟ್ ಹಾಕುವುದೋ, ಹತ್ತಿ ತುಂಬಿ ಹಾಕುವುದೋ? ಫಲ ಒಂದೇ. ಹತ್ತಿಯಾದರೆ ತೆಗೆಯುವುದು ಸುಲಭ. ರಮ್ಮೂ ಹಾಕಿ ನೋಡಿದೆ, ಒಳಗೆಲ್ಲ ಅಂಟು. ರಮ್ಮು ದಂಡ.

ಈಗ ಅಟ್ಟದ ಮೇಲೆ ಇನ್ನೂ ಐದು ಕಾಫಿ ಬೊಡ್ಡೆಗಳಿವೆ, ಕಳೆದ ಡಿಸೆಂಬರಿನಿಂದ. ಒಂದೊಂದರ ಮೈಮೇಲೂ ಪೆನ್ಸಿಲಿನಲ್ಲಿ ತೂಕ ಬರೆದಿದ್ದೇನೆ, ತಿಂಗಳ ಮೊದಲ ದಿನ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ಹೊಸ ಅಂಕಿ ಸೇರಿಸುತ್ತೇನೆ. ಈ ತಿಂಗಳೂ ಎರಡೆರಡು ಗ್ರಾಂ ಇಳಿದಿವೆ. ಇಳಿಯುವುದು ನಿಲ್ಲುವ ತನಕ ಡ್ರಿಲ್ಲು ಮುಟ್ಟುವುದಿಲ್ಲ.