ಪ್ಲಾಂಟ್‌ನೆಟ್ ಆ್ಯಪ್: ಪಾರ್ಕಿನ 'ಕ್ರಿಸ್‌ಮಸ್ ಟ್ರೀ' ಜಗಳಕ್ಕೆ ಹಾಕಿ ನೋಡಿದೆ

ಐದಕ್ಕೆ ನಾಲ್ಕೂವರೆ ಸ್ಟಾರ್. ಫೋಟೊ ನೋಡಿ ಗಿಡದ ಹೆಸರು ಹೇಳುವ ಪುಕ್ಕಟೆ ಆ್ಯಪ್, ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ್ದು.

ಜಯನಗರದಲ್ಲಿ ನಮ್ಮನೆ ಹತ್ತಿರದ ಪಾರ್ಕಿನಲ್ಲಿ ಆಳೆತ್ತರದ ಒಂದು ಮರ ಇದೆ. ಎದುರು ಮನೆ ಆಂಟಿ ಕ್ರಿಸ್‌ಮಸ್ ಟ್ರೀ ಅಂತಾರೆ, ಮಾಲಿ ಸರ್ವೆ ಅಂತಾರೆ, ವಾಕಿಂಗ್ ಬರುವ ಅಂಕಲ್ ಒಬ್ಬರು ಪೈನ್ ಅಂತ ಪಟ್ಟು ಹಿಡಿದಿದ್ದಾರೆ. ಮೊದಲು ದುಡ್ಡು ಕೇಳುವ ಇನ್ನೊಂದು ಆ್ಯಪ್‌ನಲ್ಲಿ ನೋಡಿದೆ. ಅದು ಪೈನ್ ಅಂದಿದ್ದೇ ಅಲ್ಲದೆ, ಗಿಡಕ್ಕೆ ಕಾಯಿಲೆ ಇದೆ, ಚಿಕಿತ್ಸೆಗೆ ಪ್ರೀಮಿಯಂ ತಗೊಳ್ಳಿ ಅಂತ ಶುರು ಮಾಡಿತು! ತೆಗೆದುಹಾಕಿದೆ.

ಪ್ಲಾಂಟ್‌ನೆಟ್‌ಗೆ ಇಡೀ ಮರದ ಫೋಟೊ ಕೊಡಬೇಡಿ. ಹಿಂದಿನ ಕಾಂಪೌಂಡು, ಬೈಕು ಎಲ್ಲ ಸೇರಿ ಏನೂ ತಿಳಿಯಲ್ಲ. ಒಂದು ರೆಂಬೆಯ ತುದಿಯನ್ನು ಹತ್ತಿರದಿಂದ ತೆಗೆದು 'ಎಲೆ' ಅಂತ ಆರಿಸಿ. ನನಗೆ ಅರಾಕೇರಿಯಾ ಹೆಟೆರೊಫಿಲ್ಲಾ, ಅರಾಕೇರಿಯಾ ಕಾಲಮ್ನಾರಿಸ್ ಅಂತ ಎರಡು ಹೆಸರು ಬಂತು. ಒಂದನ್ನೇ ಹಿಡಿದು ಬುರುಡೆ ಬಿಡಲಿಲ್ಲ ಅನ್ನೋದೇ ನನಗೆ ಇಷ್ಟ ಆಗಿದ್ದು, ಯಾಕಂದ್ರೆ ಎಳೆಯದರಲ್ಲಿ ಇವೆರಡನ್ನು ಬೇರೆ ಮಾಡೋದು ತಿಳಿದವರಿಗೂ ಕಷ್ಟ. ಮೊದಲನೆಯದರ ಊರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪ, ಎರಡನೆಯದು ನ್ಯೂ ಕ್ಯಾಲೆಡೋನಿಯಾದ್ದು. ಬೆಳೆದ ಮೇಲೆ ಎರಡನೆಯದು ಕಂಬದ ಹಾಗೆ ಸಪೂರವಾಗಿ ಹೋಗಿ ಸ್ವಲ್ಪ ವಾಲುತ್ತದೆ. ಅದೂ ಎಲ್ಲೇ ನೆಟ್ಟರೂ ಹೆಚ್ಚಾಗಿ ಭೂಮಧ್ಯರೇಖೆ ಕಡೆಗೇ ವಾಲುತ್ತದೆ ಅಂತ 2017ರಲ್ಲಿ ಸಂಶೋಧಕರು ಬರೆದಿದ್ದಾರೆ, ಅಂದ್ರೆ ನಮ್ಮಲ್ಲಿ ದಕ್ಷಿಣಕ್ಕೆ. ಲಾಲ್‌ಬಾಗ್‌ನಲ್ಲಿ ದೊಡ್ಡ ಅರಾಕೇರಿಯಾಗಳಿವೆ, ಹೋದಾಗ ತಲೆ ಎತ್ತಿ ನೋಡಿ.

ಆ್ಯಪ್ ಹೇಳಿದ್ದನ್ನು ಕೈಯಲ್ಲೂ ಪರೀಕ್ಷೆ ಮಾಡಬಹುದು. ಸರ್ವೆಯ ಸೂಜಿಯನ್ನು ಮೆಲ್ಲಗೆ ಎಳೆದರೆ ಗಿಣ್ಣು ಗಿಣ್ಣಾಗಿ ಕಳಚಿ ಬರುತ್ತದೆ. ಅದು ಎಲೆಯಲ್ಲ, ಹಸಿರು ಕಡ್ಡಿ. ಸರ್ವೆ ಹೂ ಬಿಡುವ ಜಾತಿ, ಕೋನಿಫರ್ರೇ (ಪೈನ್ ಥರ ಹೂವಿಲ್ಲದೆ ಶಂಕು ಬಿಡುವ ಗುಂಪು) ಅಲ್ಲ. ಪೈನ್‌ಗೆ ಎರಡೋ ಮೂರೋ ಐದೋ ಸೂಜಿ ಒಂದೇ ಬುಡದಿಂದ ಗೊಂಚಲಾಗಿ ಹೊರಡುತ್ತವೆ. ನಮ್ಮ ಮರದಲ್ಲಿ ಗೊಂಚಲೂ ಇಲ್ಲ, ಗಿಣ್ಣೂ ಇಲ್ಲ. ಒಳಕ್ಕೆ ಬಾಗಿದ ಪುಟ್ಟ ಎಲೆಗಳು ರೆಂಬೆಯ ಸುತ್ತ ಒತ್ತಾಗಿ ಕೂತಿವೆ, ಕೊಂಬೆಗಳು ಕಾಂಡದ ಸುತ್ತ ಅಂತಸ್ತು ಅಂತಸ್ತಾಗಿವೆ. ಆಂಟಿ ಗೆದ್ದರು ಅನ್ನಬಹುದು, ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಮಾರೋದು ಇದನ್ನೇ ಜಾಸ್ತಿ.

ಕುಂಡದಲ್ಲಿ ಮುದ್ದಾಗಿದೆ ಅಂತ ತಂದು ಆಮೇಲೆ ಗೇಟಿನ ಪಕ್ಕ ನೆಡುವವರು ಮೊದಲು ಹೆಸರು ನೋಡಿಕೊಳ್ಳಿ. ಎರಡೂ ಜಾತಿ ತಮ್ಮ ಊರಲ್ಲಿ 50 ಮೀಟರ್ ದಾಟುತ್ತವೆ. ಕರೆಂಟ್ ವೈರಿನ ಕೆಳಗಂತೂ ಬೇಡವೇ ಬೇಡ.