ತಾವೋ, ಫಂಗಾನ್, ಸಮುಯಿ: ಸುತ್ತಿ ಸುಸ್ತಾದ ಜೋಡಿಗೆ ಯಾವ ದ್ವೀಪ?

ಥಾಯ್ಲೆಂಡ್ ಕೊಲ್ಲಿಯ ಈ ಮೂರು ದ್ವೀಪಗಳ ಬಗ್ಗೆ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ. ಡೈವಿಂಗ್ ಬೇಕಾ, ಕೋ ತಾವೋಗೆ ಹೋಗಿ. ಪಾರ್ಟಿ ಬೇಕಾ, ಕೋ ಫಂಗಾನ್. ರೆಸಾರ್ಟ್ ಬೇಕಾ, ಕೋ ಸಮುಯಿ. ಒಂದು ವಾರ ರಜೆ ಹಾಕಿ ನೇರ ಹೋಗುವವರಿಗೆ ಇಷ್ಟು ಸಾಕು. ನಾವು ಹೋದದ್ದು ಹಾಗಲ್ಲ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಎಲ್ಲವನ್ನೂ ಬಸ್ಸು, ರೈಲು, ದೋಣಿ ಅಂತ ಸುತ್ತಿ, ಕೊನೆಗೆ ಉಳಿದ ದಿನಗಳನ್ನು ದ್ವೀಪಗಳಿಗೆ ಇಟ್ಟುಕೊಂಡಿದ್ದೆವು. ತಿಂಗಳುಗಟ್ಟಲೆ ಒಂದೇ ರೂಮು, ಒಂದೇ ಚಾರ್ಜರು, ಎದುರಿಗೆ ಒಂದೇ ಮುಖ. ಅಷ್ಟು ಹೊತ್ತಿಗೆ ದುಡ್ಡಿಗಿಂತ ಮೊದಲು ಖಾಲಿಯಾಗಿದ್ದು ತಾಳ್ಮೆ. "ರಾತ್ರಿ ಊಟಕ್ಕೆ ಎಲ್ಲಿ?" ಅನ್ನುವ ಪ್ರಶ್ನೆಗೇ ಜಗಳ ಶುರುವಾಗುತ್ತಿತ್ತು.

ಹಾಗಾಗಿ ನಾನು ಈ ಮೂರನ್ನೂ ತೂಗಿದ್ದು ಬೇರೆ ತಕ್ಕಡಿಯಲ್ಲಿ. ಇಲ್ಲಿ ದಿನಕ್ಕೆ ಎಷ್ಟು ಸಲ ತೀರ್ಮಾನ ಮಾಡಬೇಕಾಗುತ್ತದೆ? ಅದಕ್ಕಿಂತ ಮುಖ್ಯವಾಗಿ, ಇಬ್ಬರೂ ಅರ್ಧ ದಿನ ಬೇರೆ ಬೇರೆ ಇರುವುದು ಎಷ್ಟು ಸುಲಭ? ಜೋಡಿಯಾಗಿ ದ್ವೀಪಕ್ಕೆ ಹೋಗಿ ಬೇರೆ ಇರುವ ಮಾತೇನು ಅಂತ ನಗಬೇಡಿ. ಉದ್ದ ಪ್ರವಾಸ ಮಾಡಿದವರಿಗೆ ಇದು ಗೊತ್ತಿರುತ್ತದೆ.

ನಮ್ಮ ರುಚಿಯನ್ನೂ ಹೇಳಿಬಿಡುತ್ತೇನೆ, ಲೆಕ್ಕ ಹಾಕಿಕೊಳ್ಳಲು ಅನುಕೂಲ. ನನಗೆ ಡೈವಿಂಗ್ ಹುಚ್ಚು. ನನ್ನ ಗಂಡನಿಗೆ ಸಮುದ್ರ ಅಂದರೆ ಮೊಣಕಾಲಿನವರೆಗೆ ಮಾತ್ರ. ಅವನು ನಡೆಯುತ್ತಾನೆ, ಓದುತ್ತಾನೆ, ಕಂಡವರ ಜೊತೆ ಮಾತಿಗೆ ಕೂರುತ್ತಾನೆ. ಇಬ್ಬರೂ ಸಸ್ಯಾಹಾರಿಗಳು.

ಯಾವುದು ಮೊದಲು, ಯಾವುದು ಕೊನೆಗೆ

ಬ್ಯಾಂಕಾಕಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಕರಾವಳಿಯ ಪಟ್ಟಣ ಚುಂಫೋನ್. ಅಲ್ಲಿಂದ ಕ್ಯಾಟಮರಾನ್ ಅನ್ನುವ ವೇಗದ ಹಡಗಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆಗೆ ತಾವೋ. ತಾವೋದಿಂದ ದಕ್ಷಿಣಕ್ಕೆ ಗಂಟೆ ಚಿಲ್ಲರೆ ಹೋದರೆ ಫಂಗಾನ್. ಅಲ್ಲಿಂದ ಅರ್ಧ ಗಂಟೆಗೆ ಸಮುಯಿ. ಉತ್ತರದಿಂದ ಕೆಳಗೆ ಬಂದಂತೆ ದ್ವೀಪಗಳೂ ದೊಡ್ಡದಾಗುತ್ತವೆ: ತಾವೋ ಸುಮಾರು 21 ಚದರ ಕಿಲೋಮೀಟರ್, ಫಂಗಾನ್ 125, ಸಮುಯಿ 228. ವಿಮಾನ ನಿಲ್ದಾಣ ಇರುವುದು ಸಮುಯಿಯಲ್ಲಿ ಮಾತ್ರ.

ಬಹಳ ಜನ ವಿಮಾನದಲ್ಲಿ ಸಮುಯಿಗೆ ಬಂದು, ಮೇಲೆ ತಾವೋವರೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಪ್ರವಾಸ ಮುಗಿಸಿ ಊರಿಗೆ ಹೊರಡುವವರಿಗೆ ತಾವೋದಿಂದ ಕೆಳಗೆ ಇಳಿಯುವುದೇ ಸರಿ. ಹೋದ ದಾರಿಯಲ್ಲೇ ತಿರುಗಿ ಬರಬೇಕಾಗಿಲ್ಲ. ಡೈವಿಂಗ್ ಮಾಡುವವರಿಗಂತೂ ಇನ್ನೊಂದು ಕಾರಣ ಇದೆ. ನೀರಿನ ಆಳದಲ್ಲಿ ಉಸಿರಾಡುವಾಗ ದೇಹದೊಳಗೆ ನೈಟ್ರೋಜನ್ ಸೇರಿಕೊಳ್ಳುತ್ತದೆ. ಅದು ಹೊರಗೆ ಹೋಗುವ ಮುಂಚೆ ವಿಮಾನ ಹತ್ತಿದರೆ ಅಪಾಯ. ಹಲವು ಡೈವ್ ಮಾಡಿದವರು ಕಡಿಮೆ ಅಂದರೂ 18 ಗಂಟೆ ಕಾಯಬೇಕು ಅನ್ನುವುದು ಸಾಮಾನ್ಯ ಸಲಹೆ. ತಾವೋದಲ್ಲಿ ಮುಳುಗುವ ಕೆಲಸ ಮುಗಿಸಿ ಬಿಟ್ಟರೆ, ಉಳಿದ ಎರಡು ದ್ವೀಪಗಳಲ್ಲಿ ಆ ಹೊತ್ತು ತಾನಾಗಿ ಕಳೆದುಹೋಗುತ್ತದೆ.

ಚುಂಫೋನ್‌ನಿಂದ ಬರುವ ಹಡಗು ಗಾಳಿ ಇದ್ದ ದಿನ ಚೆನ್ನಾಗಿ ಕುಲುಕುತ್ತದೆ. ಹಿಂದುಗಡೆ, ಕೆಳಗಿನ ಡೆಕ್ಕಿನಲ್ಲಿ ಕೂರಿ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹತ್ತುವ ಮುಂಚೆಯೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಒಳಗೆ ಉಳಿಯುವುದಿಲ್ಲ.

ತಾವೋ: ಎಲ್ಲಾ ಕಾಲಳತೆಯಲ್ಲಿ

ನನಗೆ ಮೂರರಲ್ಲಿ ಹೆಚ್ಚು ಹಿಡಿಸಿದ್ದು ತಾವೋ. ಡೈವಿಂಗ್ ಇದೆ ಅಂತ ಮಾತ್ರ ಅಲ್ಲ. ಸಣ್ಣದು ಅನ್ನುವುದೇ ಅದರ ದೊಡ್ಡ ಗುಣ.

ಹಡಗು ನಿಲ್ಲುವ ಮೇ ಹಾಡ್ ಧಕ್ಕೆಯಿಂದ ಸೈರೀ ಬೀಚಿಗೆ ನಡೆದೇ ಹೋಗಬಹುದು. ಡೈವ್ ಅಂಗಡಿ, ಊಟದ ಜಾಗ, ಬಟ್ಟೆ ಒಗೆಸುವ ಅಂಗಡಿ, ಔಷಧಿ ಅಂಗಡಿ, ಎಲ್ಲವೂ ಅದೇ ಕಿರುದಾರಿಯ ಅಕ್ಕಪಕ್ಕ. ಬೆಳಿಗ್ಗೆ ಏಳು ಗಂಟೆಗೆ ನಾನು ಡೈವ್ ದೋಣಿ ಹತ್ತುತ್ತಿದ್ದೆ. ಅವನು ಮಲಗಿರುತ್ತಿದ್ದ. ಮಧ್ಯಾಹ್ನ ನಾನು ಬರುವ ಹೊತ್ತಿಗೆ ಅವನು ಕಾಫಿ ಅಂಗಡಿಯಲ್ಲಿ ಯಾರ ಜೊತೆಯೋ ಕೂತು ಅವರ ಮದುವೆ ಕಥೆ ಕೇಳುತ್ತಿದ್ದ. ಫೋನ್ ಮಾಡುವುದೂ ಬೇಡ, ಹುಡುಕುವುದೂ ಬೇಡ. ಊಟಕ್ಕೆ ಕೂತರೆ ಇಬ್ಬರಿಗೂ ಹೇಳಲು ಬೇರೆ ಬೇರೆ ವಿಷಯ ಇರುತ್ತಿತ್ತು. ಎಷ್ಟೋ ವಾರಗಳಿಂದ ನಮಗೆ ಅದು ಇರಲಿಲ್ಲ. ಇಬ್ಬರೂ ಒಂದನ್ನೇ ನೋಡಿದ ಮೇಲೆ ಮಾತಾಡಲು ಏನಿರುತ್ತದೆ ಹೇಳಿ?

ಡೈವಿಂಗ್ ವಿಚಾರ ಹೇಳುವುದಾದರೆ, ಹೊಸಬರು ಕಲಿಯಲು ಪ್ರಪಂಚದಲ್ಲೇ ಹೆಸರಾದ ಜಾಗ ಇದು. ಹೊಸಬರ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್‌ಗೆ ಮೂರ್ನಾಲ್ಕು ದಿನ ಬೇಕು. ಮುಗಿದ ಮೇಲೆ 18 ಮೀಟರ್ ಆಳದವರೆಗೆ ಹೋಗಬಹುದು. ಮೊದಲೇ ಕಲಿತವರಿಗೆ ಚುಂಫೋನ್ ಪಿನಾಕಲ್ ಅನ್ನುವ, ನೀರಿನೊಳಗಿನ ಬಂಡೆಗಳ ಶಿಖರ ಇದೆ. 2011ರಲ್ಲಿ ಬೇಕಂತಲೇ ಮುಳುಗಿಸಿದ ಸತ್ತಕುಟ್ ಅನ್ನುವ ಹಳೆಯ ಯುದ್ಧ ಹಡಗೂ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ಕೈಯಲ್ಲಿದ್ದು, ಆಮೇಲೆ ಥಾಯ್ ನೌಕಾಪಡೆಗೆ ಬಂದದ್ದು. ಅದರ ತಳ ಸುಮಾರು 30 ಮೀಟರಿನಲ್ಲಿದೆ, ಹಾಗಾಗಿ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮಾಡಿದವರಿಗೇ ಅದು ಪೂರ್ತಿ ದಕ್ಕುವುದು. ತಾವೋ ಮತ್ತು ಫಂಗಾನ್ ನಡುವೆ ಸಮುದ್ರದಿಂದ ಎದ್ದು ನಿಂತ ಸೇಲ್ ರಾಕ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಬಂಡೆಯೊಳಗೆ ಚಿಮಣಿಯಂಥ ಒಂದು ಕೊರಕಲು ಇದೆ. ಕೆಳಗೆ ಹೊಕ್ಕು ಮೇಲೆ ಹೊರಬರಬಹುದು. ಅದೃಷ್ಟ ಇದ್ದವರಿಗೆ ವೇಲ್ ಶಾರ್ಕ್ ಕಾಣುತ್ತದೆ. ನನಗೆ ಕಂಡದ್ದು ಬಾರಕೂಡಾ ಮೀನಿನ ಹಿಂಡು, ಅದರಲ್ಲೇ ಖುಷಿಪಟ್ಟೆ.

ಮುಳುಗದವರಿಗೆ ಏನಿದೆ? ಪಕ್ಕದ ನಾಂಗ್ ಯುವಾನ್. ಮೂರು ಪುಟ್ಟ ದ್ವೀಪಗಳನ್ನು ಮರಳಿನ ದಾರಿ ಒಂದಕ್ಕೊಂದು ಕಟ್ಟಿಟ್ಟಿದೆ. ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡುವುದಿಲ್ಲ, ಪ್ರವೇಶಕ್ಕೆ ಶುಲ್ಕ ಇದೆ. ದಿನದ ಪ್ಯಾಕೇಜ್ ದೋಣಿಗಳು ಬಂದ ಮೇಲೆ ಮರಳೇ ಕಾಣದಷ್ಟು ಜನ. ಬೆಳಿಗ್ಗೆ ಮೊದಲ ದೋಣಿ ಸಿಕ್ಕರೆ ಮಾತ್ರ ಹೋಗಿ. ಇಲ್ಲದಿದ್ದರೆ ದಕ್ಷಿಣದ ಜಾನ್ ಸುವಾನ್ ವ್ಯೂಪಾಯಿಂಟ್ ಹತ್ತಿ. ಎರಡೂ ಕಡೆ ಕೊಲ್ಲಿ ಕಾಣುತ್ತದೆ, ಕಾಲಿಗೂ ಕೆಲಸ ಆಗುತ್ತದೆ.

ಕಿರಿಕಿರಿ ಇಲ್ಲವೇ? ಇದೆ. ಪೂರ್ವದ ತಾನೋಟ್ ಕೊಲ್ಲಿಯ ಕಡೆ ಹೋಗುವ ರಸ್ತೆಗಳು ಗೋಡೆ ಹತ್ತಿದಂತೆ ಕಡಿದಾಗಿವೆ. ಸ್ಕೂಟರ್‌ನಿಂದ ಬಿದ್ದು ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡವರು ಎಲ್ಲಿ ನೋಡಿದರೂ ಕಾಣುತ್ತಾರೆ. ಪಿಕಪ್ ಟ್ಯಾಕ್ಸಿಗಳು ದೂರಕ್ಕೆ ಹೋಲಿಸಿದರೆ ತುಂಬಾ ದುಬಾರಿ. ಸೈರೀಯಲ್ಲಿ ರಾತ್ರಿ ಸದ್ದು ಜಾಸ್ತಿ. ರೂಮನ್ನು ಬೀಚಿನ ಉತ್ತರದ ತುದಿಯಲ್ಲಿ ಹಿಡಿದರೆ ನಿದ್ದೆ ಬರುತ್ತದೆ.

ಫಂಗಾನ್: ಒಂದು ಸ್ಕೂಟರ್, ಇಬ್ಬರು

ಫಂಗಾನ್ ಅಂದರೆ ಹುಣ್ಣಿಮೆ ರಾತ್ರಿಯ ಫುಲ್ ಮೂನ್ ಪಾರ್ಟಿ ಅನ್ನುವವರು ಆ ದ್ವೀಪದ ಒಂದು ಮೂಲೆಯನ್ನು ಮಾತ್ರ ನೋಡಿದವರು. ಪಾರ್ಟಿ ನಡೆಯುವುದು ಆಗ್ನೇಯ ತುದಿಯ ಹಾಡ್ ರಿನ್‌ನಲ್ಲಿ. ಉಳಿದ ದ್ವೀಪ ಗುಡ್ಡ, ಕಾಡು, ತೆಂಗಿನ ತೋಟ. ಖಾವ್ ರಾ ಬೆಟ್ಟ 600 ಮೀಟರ್ ದಾಟುತ್ತದೆ. ಆದರೂ ಹುಣ್ಣಿಮೆಯ ಆಸುಪಾಸು ಹೋಗಬೇಡಿ. ಆಗ ಎಷ್ಟೋ ಕಡೆ ಇಂತಿಷ್ಟು ರಾತ್ರಿ ಇರಲೇಬೇಕು ಅಂತ ಷರತ್ತು ಹಾಕುತ್ತಾರೆ, ಬಾಡಿಗೆಯೂ ಏರುತ್ತದೆ, ಹಡಗುಗಳು ತುಂಬಿರುತ್ತವೆ. ನಾವು ಪಂಚಾಂಗ ನೋಡಿಯೇ ಹೋದೆವು. ಪ್ರವಾಸದ ಉದ್ದಕ್ಕೂ ಪಂಚಾಂಗ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ನೋಡಲು ಮೂರರಲ್ಲೂ ಚೆಂದ ಫಂಗಾನ್. ನಮಗೆ ಕಷ್ಟವಾದದ್ದೂ ಅಲ್ಲೇ. ಏಕೆಂದರೆ ಅಲ್ಲಿ ಎಲ್ಲವೂ ಚೆಲ್ಲಾಪಿಲ್ಲಿ. ಥಾಂಗ್ ಸಾಲಾ ಧಕ್ಕೆ ನೈರುತ್ಯದಲ್ಲಿ, ಒಳ್ಳೆಯ ಬೀಚುಗಳು ವಾಯವ್ಯದಲ್ಲಿ, ಥಾನ್ ಸಾಡೆಟ್ ತೊರೆ ಪೂರ್ವದಲ್ಲಿ. ಸ್ಕೂಟರ್ ಬೇಕೇ ಬೇಕು. ಸ್ಕೂಟರ್ ಒಂದೇ ಇದ್ದರೆ ಇಬ್ಬರೂ ಎಲ್ಲಿಗೆ ಹೋದರೂ ಒಟ್ಟಿಗೇ ಹೋಗಬೇಕು. ಒಬ್ಬರು ತೆಗೆದುಕೊಂಡು ಹೋದರೆ ಇನ್ನೊಬ್ಬರು ರೂಮಿನಲ್ಲಿ ಬಂದಿ. ಹಾಗಾಗಿ ಬೆಳಿಗ್ಗೆ ಎದ್ದ ತಕ್ಷಣ ಸಂಧಾನ ಸಭೆ: ಇವತ್ತು ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಓಡಿಸುವುದು. ಎರಡು ಸ್ಕೂಟರ್ ಹಿಡಿದರೆ ಜೇಬಿಗೆ ಹೊಡೆತ, ಆದರೆ ಮನಸ್ಸಿಗೆ ಒಳ್ಳೆಯದು. ನನ್ನನ್ನು ಕೇಳಿದರೆ ಎರಡೇ ಹಿಡಿಯಿರಿ.

ಮೋಟಾರ್ ಸೈಕಲ್‌ಗೆ ಅನ್ವಯಿಸುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಜೊತೆಗಿರಲಿ. ಅದಿಲ್ಲದೆ ಬಿದ್ದರೆ ಪ್ರವಾಸದ ವಿಮೆಯವರು ಹಣ ಕೊಡಲು ಒಪ್ಪುವುದು ಕಷ್ಟ. ಗಾಡಿ ಪಡೆಯುವಾಗ ಪಾಸ್‌ಪೋರ್ಟ್ ಅಡವಿಡಲು ಕೇಳುತ್ತಾರೆ. ಬದಲಿಗೆ ಠೇವಣಿ ಹಣ ತೆಗೆದುಕೊಳ್ಳುವ ಅಂಗಡಿ ಹುಡುಕಿ. ಗೀರುಗಳ ವಿಡಿಯೋ ಮಾಡಿಕೊಳ್ಳಿ. ನಮ್ಮ ಗಾಡಿಯಲ್ಲಿ ಮೊದಲೇ ಇದ್ದ ಗೀರಿಗೆ ದುಡ್ಡು ಕೇಳಿದರು. ವಿಡಿಯೋ ತೋರಿಸಿದ ಮೇಲೆ ನಗುತ್ತಾ ಠೇವಣಿ ವಾಪಸ್ ಕೊಟ್ಟರು.

ಈಜುವವರು ಒಂದು ವಿಷಯ ನೆನಪಿಡಿ. ಪಶ್ಚಿಮ ಮತ್ತು ದಕ್ಷಿಣದ ಬಹಳ ಬೀಚುಗಳಲ್ಲಿ ನೀರು ತೀರಾ ಕಡಿಮೆ. ಇಳಿತದ ಹೊತ್ತಿನಲ್ಲಿ ನಡೆದು ನಡೆದು ಹೋದರೂ ಮೊಣಕಾಲು ಮುಳುಗುವುದಿಲ್ಲ. ನನಗೆ ಬೇಜಾರು, ನನ್ನ ಗಂಡನಿಗೆ ಸ್ವರ್ಗ. ನನ್ನಂಥವರು ಮೇ ಹಾಡ್‌ಗೆ ಹೋಗಬೇಕು (ತಾವೋದ ಧಕ್ಕೆಗೂ ಇದೇ ಹೆಸರು, ಟಿಕೆಟ್ ಮಾಡಿಸುವಾಗ ಜೋಪಾನ). ಅಲ್ಲಿ ಮರಳಿನ ಪಟ್ಟಿಯ ಮೇಲೆ ನಡೆದರೆ ಕೋ ಮಾ ಅನ್ನುವ ಪುಟ್ಟ ದ್ವೀಪ ಸಿಗುತ್ತದೆ, ಸುತ್ತ ಹವಳ ಇದೆ.

ಊಟದಲ್ಲಿ ಮಾತ್ರ ಫಂಗಾನ್‌ಗೆ ಸಾಟಿ ಇಲ್ಲ. ಶ್ರೀಥಾನು ಕಡೆ ಯೋಗ ಕಲಿಯಲು ಬಂದವರ ದೊಡ್ಡ ಗುಂಪೇ ನೆಲೆಸಿದೆ. ಅವರಿಂದಾಗಿ ಸಸ್ಯಾಹಾರಿ, ವೀಗನ್ ಹೋಟೆಲುಗಳು ಬೇಕಾದಷ್ಟಿವೆ. ಬೇರೆ ಕಡೆ ಬರೀ ತರಕಾರಿ ಅಂತ ಹೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ. "ಜೇ" ಅಂತ ಕೇಳಿದರೆ ಅದೂ ಬೀಳುವುದಿಲ್ಲ, ಮೊಟ್ಟೆ, ಹಾಲೂ ಇರುವುದಿಲ್ಲ. ಶ್ರೀಥಾನುವಿನಲ್ಲಿ ಈ ವಿಚಾರಣೆಯೇ ಬೇಕಾಗಲಿಲ್ಲ.

ಥಾನ್ ಸಾಡೆಟ್ ತೊರೆಗೆ ಐದನೇ ರಾಮ ಅಂತ ಕರೆಸಿಕೊಂಡ ರಾಜ ಚುಲಾಲೊಂಗ್‌ಕೋರ್ನ್ ಮತ್ತೆ ಮತ್ತೆ ಬಂದು ಹೋಗುತ್ತಿದ್ದನಂತೆ. ಅವನ ಹೆಸರಿನ ಅಕ್ಷರಗಳು ಬಂಡೆಯ ಮೇಲಿವೆ. ನಾವು ಹೋದದ್ದು ಮಾರ್ಚ್‌ನಲ್ಲಿ, ನೀರು ಕಡಿಮೆ ಇತ್ತು. ಅಕ್ಷರ ನೋಡಿ ಬಂದೆವು.

ಸಮುಯಿ: ಬೈಯುತ್ತಾ ಹೋಗಿ, ಆರಾಮಾಗಿ ಬಂದದ್ದು

ಸಮುಯಿ ಬಗ್ಗೆ ನನಗೆ ಮೊದಲೇ ಅಸಡ್ಡೆ ಇತ್ತು. ಟ್ರಾಫಿಕ್ಕು, ಮಾಲು, ದ್ವೀಪ ಸುತ್ತುವ 50 ಕಿಲೋಮೀಟರಿನ ರಸ್ತೆ. ಇದಕ್ಕೆ ಇಷ್ಟು ದೂರ ಬರಬೇಕಾ ಅಂತ. ಚವೆಂಗ್ ಬೀಚಿನ ಬೀದಿ ನೋಡಿದ ಮೇಲೂ ಆ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಪ್ರವಾಸದ ಕೊನೆಯ ರಾತ್ರಿಗಳಿಗೆ ಬೇಕಾದದ್ದು ಬೇರೆಯೇ ಇರುತ್ತದೆ. ಬಿಡದೆ ಕಾಡುತ್ತಿದ್ದ ಕಿವಿನೋವಿಗೆ ಡಾಕ್ಟರ್, ಹರಿದ ಬ್ಯಾಗಿಗೆ ಬದಲಿ, ಮನೆಯವರಿಗೆ ಸಾಮಾನು, ಆ್ಯಪ್‌ನಲ್ಲಿ ಕರೆದರೆ ಬರುವ ಟ್ಯಾಕ್ಸಿ. ಇವೆಲ್ಲ ಸಮುಯಿಯಲ್ಲಿ ಸುಲಭ. ಉತ್ತರದ ಮೇ ನಾಮ್ ಕಡೆ ಗಲಾಟೆಯೂ ಕಡಿಮೆ.

ನೋಡುವುದು ಬಹಳ ಇಲ್ಲ. ಲಮಾಯ್ ಹತ್ತಿರದ ಹಿನ್ ತಾ, ಹಿನ್ ಯಾಯ್ ಅನ್ನುವ ಅಜ್ಜ-ಅಜ್ಜಿ ಬಂಡೆಗಳು ಯಾವ ಆಕಾರದಲ್ಲಿವೆ ಅಂತ ಇಲ್ಲಿ ಬರೆಯುವುದಿಲ್ಲ. ಫೋಟೋವನ್ನು ಮನೆಯ ಗ್ರೂಪಿಗೆ ಹಾಕಬೇಡಿ, ಅಷ್ಟೇ. ವಾಟ್ ಖುನಾರಾಮ್‌ನಲ್ಲಿ 1973ರಲ್ಲಿ ತೀರಿಕೊಂಡ ಭಿಕ್ಷುವೊಬ್ಬರ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದಾರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ. ನನಗೆ ಎರಡು ನಿಮಿಷ ಸಾಕಾಯಿತು. ನನ್ನ ಗಂಡ ಒಂದು ಗಂಟೆ ನಿಂತಿದ್ದ.

ಆಂಗ್ ಥಾಂಗ್ ಸಾಗರ ಉದ್ಯಾನಕ್ಕೆ ದಿನದ ದೋಣಿ ಸಮುಯಿಯಿಂದಲೂ ಇದೆ, ಫಂಗಾನ್‌ನಿಂದಲೂ ಇದೆ. 42 ದ್ವೀಪಗಳು, 1980ರಿಂದ ರಾಷ್ಟ್ರೀಯ ಉದ್ಯಾನ. ಮೆಟ್ಟಿಲು ಹತ್ತಿ ಹೋದರೆ ಸುಣ್ಣಕಲ್ಲಿನ ಗೋಡೆಗಳ ನಡುವೆ ಹಸಿರು ನೀರಿನ ಕೆರೆ. ಹೋಗಲೇಬೇಕಾದ ಜಾಗ. ಆದರೆ ಟಿಕೆಟ್ ಜೊತೆ ಕಯಾಕ್ ಕೊಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಕೇಳಿ. ಹಿಂದೆ ಕೂತವರು ಸರಿಯಾಗಿ ಹುಟ್ಟು ಹಾಕುತ್ತಿಲ್ಲ ಅಂತ ಮುಂದೆ ಕೂತವರಿಗೆ ಯಾವಾಗಲೂ ಅನ್ನಿಸುತ್ತದೆ.

ವಾಪಸ್ ಹೊರಡುವಾಗ ಎರಡು ದಾರಿ. ಸಮುಯಿ ವಿಮಾನ ನಿಲ್ದಾಣ ಖಾಸಗಿಯದು, 1989ರಲ್ಲಿ ಶುರುವಾದದ್ದು. ತೋಟದಂತಿದೆ, ಗೋಡೆಗಳೇ ಇಲ್ಲ, ಆದರೆ ಟಿಕೆಟ್ ದರ ಕಣ್ಣು ಕುಕ್ಕುತ್ತದೆ. ಅಗ್ಗದ ದಾರಿ ಅಂದರೆ ಹಡಗಿನಲ್ಲಿ ದೊನ್ಸಾಕ್, ಅಲ್ಲಿಂದ ಬಸ್ಸಿನಲ್ಲಿ ಸುರಾತ್ ಥಾನಿ, ಆಮೇಲೆ ವಿಮಾನ ಅಥವಾ ರೈಲು. ರೈಲಿನವರು ಗಮನಿಸಿ, ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಫುನ್‌ಫಿನ್‌ನಲ್ಲಿ. ನಾವು ವಿಮಾನಕ್ಕೇ ದುಡ್ಡು ಸುರಿದೆವು. ಇನ್ನೊಂದು ಬಸ್ ಹತ್ತುವ ಮಾತು ಎತ್ತಲು ಇಬ್ಬರಿಗೂ ಧೈರ್ಯ ಇರಲಿಲ್ಲ.

ಹಾಗಾದರೆ

ದಿನ ಕಡಿಮೆ ಇದ್ದರೆ ಬಿಡಬೇಕಾದದ್ದು ಫಂಗಾನ್. ಬೇಸರದಿಂದಲೇ ಹೇಳುತ್ತಿದ್ದೇನೆ. ಅದು ಪ್ರವಾಸದ ಶುರುವಿನಲ್ಲಿ, ಇಬ್ಬರಿಗೂ ಉಮೇದು ಇರುವಾಗ ಹೋಗಬೇಕಾದ ದ್ವೀಪ. ಇಬ್ಬರೂ ಯೋಗದವರಾದರೆ, ಅಥವಾ ಇಬ್ಬರಿಗೂ ಸ್ಕೂಟರ್ ಓಡಿಸುವುದು ಇಷ್ಟವಾದರೆ ನನ್ನ ಮಾತು ಕೇಳಬೇಡಿ. ಉಳಿದವರು ಹೆಚ್ಚು ದಿನ ತಾವೋದಲ್ಲಿ ಕಳೆದು, ಕೊನೆಯ ಎರಡು ರಾತ್ರಿ ಸಮುಯಿಗೆ ಕೊಡಿ. ಇಬ್ಬರಲ್ಲಿ ಯಾರೂ ನೀರಿಗೆ ಇಳಿಯುವವರಲ್ಲ ಅಂದರೂ ತಾವೋ ಪರವಾಗಿಲ್ಲ, ಆದರೆ ನಾಲ್ಕನೇ ದಿನಕ್ಕೆ ಬೋರ್ ಆಗಬಹುದು.

ಇದೆಲ್ಲ ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋಗುವವರಿಗೆ. ನಿಮ್ಮ ಪ್ರವಾಸ ನವೆಂಬರ್‌ನಲ್ಲಿ ಮುಗಿಯುವುದಾದರೆ ಈ ಮೂರನ್ನೂ ಬಿಡಿ. ಕೊಲ್ಲಿಯ ಕಡೆ ಜೋರು ಮಳೆ ಆಗಲೇ, ಹಡಗುಗಳೂ ಕೆಲವೊಮ್ಮೆ ರದ್ದಾಗುತ್ತವೆ. ಅದೇ ಹೊತ್ತಿಗೆ ಆಚೆ ಬದಿಯ ಅಂಡಮಾನ್ ಸಮುದ್ರದಲ್ಲಿ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಕ್ರಾಬಿಗೆ ಹೋಗಿ, ಅಲ್ಲಿಂದ ಕೋ ಲಂತಾ ಕಡೆ ಹೊರಡಿ.