ಎಚ್ಚರ: 8 ಜಿಬಿ ಅಂತ ಹೇಳಿ 4+4 ಟ್ಯಾಬ್ಲೆಟ್ ಕೊಟ್ಟರು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಸರಿಯಾದ ಬಿಲ್ ತೆಗೆದುಕೊಳ್ಳಲಿಲ್ಲ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ. ಅದರಲ್ಲೂ ಟೇಬಲ್ ಸುತ್ತ ಕೂತು ಆಡುವ ಆರ್‌ಪಿಜಿ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕಿ ಕಥೆ ಆಡುವ ಆಟ) ನಡೆಸೋಕೆ ಟ್ಯಾಬ್ಲೆಟ್ ಹುಡುಕುತ್ತಿರುವವರು ಓದಲೇಬೇಕು. 11,500 ರೂಪಾಯಿ ಹೋಯಿತು. ಐದು ಜನರ ಮುಂದೆ ಮರ್ಯಾದೆಯೂ ಹೋಯಿತು.

ನಮ್ಮದು ಪಾತ್‌ಫೈಂಡರ್ ಅನ್ನುವ ಅಂಥ ಒಂದು ಆಟದ ಎರಡನೇ ಆವೃತ್ತಿ ಆಡುವ ಗುಂಪು. ಎರಡು ವಾರಕ್ಕೊಮ್ಮೆ ಭಾನುವಾರ ನಮ್ಮ ಮನೆಯ ಊಟದ ಟೇಬಲ್ ಮೇಲೆ ಆಟ. ಕಥೆ ಹೇಳಿ ಆಟ ನಡೆಸುವವನು ನಾನು. ಇಷ್ಟು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡು ನಡೆಸುತ್ತಿದ್ದೆ. ಅದರ ಪರದೆ ಎದ್ದು ನಿಂತರೆ ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಬ್ಯಾಂಕ್ ಕೌಂಟರ್ ಹಿಂದೆ ಕೂತ ಹಾಗೆ. 2019ರಲ್ಲಿ ಬಂದ ಮೂಲ ನಿಯಮಗಳ ಪುಸ್ತಕವೇ 640 ಪುಟ, ರಾಕ್ಷಸ ಪ್ರಾಣಿಗಳದ್ದು ಬೇರೆ. ಎರಡರದ್ದೂ ಪಿಡಿಎಫ್ ದುಡ್ಡು ಕೊಟ್ಟೇ ಕೊಂಡಿದ್ದೇನೆ. ಹಾಗಾಗಿ ಟೇಬಲ್ ಮೇಲೆ ಮಲಗಿಸಿ ಇಡುವಂಥ ಒಂದು ಟ್ಯಾಬ್ಲೆಟ್ ಇದ್ದರೆ ಸಾಕು ಅಂತ ಹೊರಟೆ.

ಬೆಂಗಳೂರಿನ ಎಸ್‌ಪಿ ರೋಡ್ ಹತ್ತಿರದ ಒಂದು ಗಲ್ಲಿಯ ಅಂಗಡಿ. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ. "ಗೇಮ್ ನಡೆಸೋಕೆ ಟ್ಯಾಬ್ಲೆಟ್ ಬೇಕು" ಅಂದೆ. ನೋಡಿ, ಅಲ್ಲೇ ಕೆಟ್ಟೆ. ಅವನಿಗೆ ಗೇಮ್ ಅಂದರೆ ಗೇಮ್. ಒಂದು ಓಪನ್ ಬಾಕ್ಸ್ ಪೀಸ್ ತೆಗೆದ. "ಸಾರ್, 11 ಇಂಚು, 8 ಜಿಬಿ ರ್ಯಾಮ್, 128 ಸ್ಟೋರೇಜ್, ಫುಲ್ ಎಚ್‌ಡಿಗಿಂತ ಜಾಸ್ತಿ. ಒಂದು ವಾರ ಯೂಸ್ ಮಾಡಿ ವಾಪಸ್ ಕೊಟ್ಟಿದ್ದಾರೆ ಅಷ್ಟೇ." ಡಬ್ಬದ ಮೇಲೆ ಇದೆಲ್ಲ ಅಚ್ಚಾಗಿಯೇ ಇತ್ತು. ಕಾರು ಓಡಿಸುವ ಆಟ ಹಾಕಿ ತೋರಿಸಿದ, ಜುಮ್ ಅಂತ ಓಡಿತು. ಯೂಟ್ಯೂಬ್ ಹಾಕಿದ, ಅದೂ ಓಡಿತು. ನಾನು ತಲೆ ಆಡಿಸಿದೆ. ನನ್ನ ಫೋನಿನಲ್ಲೇ ಆ 640 ಪುಟದ ಪಿಡಿಎಫ್ ಇತ್ತು. ಒಂದೇ ಒಂದು ಸಲ ಅದನ್ನು ಆ ಟ್ಯಾಬ್ಲೆಟ್‌ಗೆ ಕಳಿಸಿ ತೆರೆದು ನೋಡಬೇಕು ಅಂತ ಹೊಳೆಯಲಿಲ್ಲ. ಯೋಚಿಸಿದಾಗಲೆಲ್ಲ ಕೈ ಕೈ ಹಿಸುಕಿಕೊಳ್ಳುತ್ತೇನೆ.

ಡಬ್ಬದೊಳಗೆ ಟ್ಯಾಬ್ಲೆಟ್ ಸ್ವಲ್ಪ ಲೊಡಲೊಡ ಅಂತಿತ್ತು. ಪಕ್ಕಕ್ಕೆ ಸ್ಪಂಜಿನ ತುಂಡು ತುರುಕಿದ್ದರು. ಓಪನ್ ಬಾಕ್ಸ್ ಅಂದಮೇಲೆ ಹೀಗೇ ಇರುತ್ತೆ ಅಂದುಕೊಂಡೆ. ಅಂದುಕೊಂಡೆ ನೋಡಿ!

ರೇಟು 13,000ದಿಂದ ಶುರುವಾಗಿ 11,500ಕ್ಕೆ ಬಂತು. "ಬಿಲ್ ಬೇಕಾ ಸಾರ್? 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ." ಬೇಡ ಅಂದೆ. ಎಸ್ಟಿಮೇಟ್ ಚೀಟಿಯಲ್ಲಿ "ಟ್ಯಾಬ್ 1 – 11,500" ಅಂತ ಬರೆದುಕೊಟ್ಟ. ಅಂಗಡಿಯ ಹೆಸರಿಲ್ಲ, ಮಾಡೆಲ್ ಇಲ್ಲ. ಯುಪಿಐ ಮಾಡಿದರೆ ಬಂದದ್ದು ಅಂಗಡಿಯ ಹೆಸರಲ್ಲ, ಯಾರದೋ ಸ್ವಂತ ಖಾತೆಯ ಹೆಸರು. ಅದನ್ನೂ ನೋಡಿದೆ. ನೋಡಿಯೂ ಪಿನ್ ಒತ್ತಿದೆ.

ಇನ್ನು ಭಾನುವಾರದ ಕಥೆ. ಹೊಸ ಟ್ಯಾಬ್ಲೆಟ್ ಬಂದಿದೆ ಅಂತ ಎಲ್ಲರಿಗೂ ಹೇಳಿಕೊಂಡು ಜಂಬದಿಂದ ಕೂತಿದ್ದೆ. ಆಟದ ಕಥೆಯಲ್ಲಿ, ಕಾಡಿನ ಗುಹೆಯಿಂದ ಔಲ್‌ಬೇರ್ (ಗೂಬೆ ತಲೆಯ ಕರಡಿ) ಹೊರಗೆ ಬಂತು. ಅದರ ಪುಟ ತೆರೆಯೋಕೆ ಹೋದರೆ ಬಿಳಿ ಹಾಳೆ. ಕಾಯ್ದೆವು. ಮೊದಲು ಅಕ್ಷರ ಬಂತು, ಆಮೇಲೆ ಹಿನ್ನೆಲೆ, ಆಮೇಲೆ ಚಿತ್ರ. ಉಗುರು ತಾಗಿದ ಮೇಲೆ ಎದುರಾಳಿಯನ್ನು ಹಿಡಿದುಕೊಳ್ಳುವ ಪ್ರಾಣಿ ಅದು. ಹಿಡಿತಕ್ಕೆ ಸಿಕ್ಕವನಿಗೆ ಏನಾಗುತ್ತದೆ ಅನ್ನುವುದು ಮೂಲ ಪುಸ್ತಕದಲ್ಲಿದೆ. ಅದಕ್ಕೆ ಹೋದೆ, ಅದು ಒಂದನೇ ಪುಟದಿಂದ ಶುರುವಾಯಿತು. ಹುಡುಕಿ ಓದಿ ವಾಪಸ್ ಪ್ರಾಣಿಯ ಪುಸ್ತಕಕ್ಕೆ ಬಂದರೆ ಅದೂ ಮುಚ್ಚಿಹೋಗಿ ಮತ್ತೆ ಮುಖಪುಟ. ಮ್ಯಾಪ್ ತೆರೆದರೆ ಎರಡೂ ಪುಸ್ತಕ ಮಾಯ. ಒಂದೊಂದು ಸರದಿಗೂ ಇದೇ ಗೋಳು. ನಮ್ಮ ಕ್ಲೆರಿಕ್, ಅಂದರೆ ಪೂಜಾರಿಯ ಪಾತ್ರ ಆಡುವ ಗೆಳೆಯ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದ, ನಾನಿನ್ನೂ ಪುಟ ಹುಡುಕುತ್ತಿದ್ದೆ.

ರೋಗ್ ಅನ್ನುವ ಕಳ್ಳನ ಪಾತ್ರ ಆಡುವ ಹುಡುಗಿಗೆ ಫೋನು, ಟ್ಯಾಬ್ಲೆಟ್ ಎಲ್ಲ ಚೆನ್ನಾಗಿ ಗೊತ್ತು. "ಕೊಡಿ ಅಣ್ಣ ಇಲ್ಲಿ" ಅಂತ ಕೈಗೆ ತೆಗೆದುಕೊಂಡಳು. ಸೆಟ್ಟಿಂಗ್ಸ್‌ಗೆ ಹೋದಳು. ರ್ಯಾಮ್ ಅನ್ನುವ ಕಡೆ "4 ಜಿಬಿ + 4 ಜಿಬಿ" ಅಂತಿತ್ತು. ಮೊದಲ ನಾಲ್ಕು ನಿಜವಾದ ರ್ಯಾಮ್. ಪ್ಲಸ್ ಆದಮೇಲಿನ ನಾಲ್ಕು ಸ್ಟೋರೇಜ್‌ನಿಂದ ಎರವಲು ತಂದು ರ್ಯಾಮ್ ಅಂತ ತೋರಿಸುವುದು. ಸ್ಟೋರೇಜ್ ರ್ಯಾಮ್‌ಗಿಂತ ಎಷ್ಟೋ ಪಾಲು ನಿಧಾನ. ಪುಟದ ತುಂಬ ಬಣ್ಣದ ಚಿತ್ರ ಇರುವ ದಪ್ಪ ಪಿಡಿಎಫ್ ಎರಡು, ಮ್ಯಾಪ್ ಒಂದು ಒಟ್ಟಿಗೆ ತೆರೆದರೆ ಜಾಗ ಸಾಲದೆ ಟ್ಯಾಬ್ಲೆಟ್ಟೇ ಹಿಂದಿನದನ್ನು ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಓಡಿದ ಕಾರಿಗೆ ಈ ಕಷ್ಟ ಇರಲಿಲ್ಲ, ಅದು ಒಂಟಿಯಾಗಿ ಓಡಿತ್ತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಒಂದು ಸ್ಕ್ರೀನ್‌ಶಾಟ್ ತೆಗೆದು ಅದರ ವಿವರ ನೋಡಿದಳು: 800 × 1280. ಡಬ್ಬದ ಮೇಲೆ 1200 × 1920. ಅಮ್ಮನ ಹೊಲಿಗೆ ಟೇಪ್ ತರಿಸಿ ಮೂಲೆಯಿಂದ ಮೂಲೆಗೆ ಅಳೆದಳು. 10.1 ಇಂಚು. ಕೊನೆಗೆ *#06# ಒತ್ತಿದಳು. ಬಂದ ಐಎಂಇಐ ನಂಬರಿಗೂ (ಒಂದೊಂದು ಪೀಸಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ಡಬ್ಬದ ಮೇಲಿನ ನಂಬರಿಗೂ ಸಂಬಂಧವೇ ಇಲ್ಲ. ದೊಡ್ಡ ಮಾಡೆಲ್‌ನ ಡಬ್ಬಕ್ಕೆ ಸಣ್ಣ ಮಾಡೆಲ್ ಹಾಕಿ ಕೊಟ್ಟಿದ್ದಾರೆ. ಆ ಲೊಡಲೊಡ, ಆ ಸ್ಪಂಜು!

ಯಾರೂ ಮಾತಾಡಲಿಲ್ಲ. ಆಮೇಲೆ ಕ್ಲೆರಿಕ್ ಮೆಲ್ಲಗೆ ಕೇಳಿದ, "ಮಗಾ, ಅಂಗಡೀಲಿ ಪರ್ಸೆಪ್ಷನ್ ಎಷ್ಟು ಬಿತ್ತು?" ಆಟದಲ್ಲಿ ಸುತ್ತಲಿನದನ್ನು ಗಮನಿಸಿದೆವಾ ಅಂತ ನೋಡೋಕೆ ಹಾಕುವ ದಾಳ ಅದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು.

ಸೋಮವಾರ ರಜೆ ಹಾಕಿ ಅಂಗಡಿಗೆ ಹೋದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"8 ಜಿಬಿ ಅಂತ ಹೇಳಿ 4 ಕೊಟ್ಟಿದ್ದೀರಲ್ಲ?"

"ನಾಲ್ಕು ಪ್ಲಸ್ ನಾಲ್ಕು ಎಷ್ಟು ಸಾರ್? ಎಂಟೇ ತಾನೆ?"

"ಡಬ್ಬದ ನಂಬರೇ ಬೇರೆ ಇದೆ."

"ಓಪನ್ ಬಾಕ್ಸ್ ಅಲ್ವಾ ಸಾರ್, ಡಬ್ಬ ಅದಲು ಬದಲು ಆಗಿರುತ್ತೆ. ನೀವು ಡಬ್ಬ ಯೂಸ್ ಮಾಡ್ತೀರಾ, ಟ್ಯಾಬ್ ಯೂಸ್ ಮಾಡ್ತೀರಾ?"

"ಗೇಮ್ ನಡೆಯೋದಿಲ್ಲ ಇದರಲ್ಲಿ."

"ನಿಮ್ಮೆದುರಿಗೇ ಗೇಮ್ ಹಾಕಿ ತೋರಿಸಿದ್ನಲ್ಲ! ಎಲ್ಲಿ, ನಿಮ್ಮ ಗೇಮ್ ತೋರಿಸಿ." ಪಿಡಿಎಫ್ ತೆರೆದು ತೋರಿಸಿದೆ. ಪಕ್ಕದಲ್ಲಿದ್ದ ಹುಡುಗನನ್ನು ಕರೆದ. "ನೋಡೋ, ಸಾರ್ ಬುಕ್ ಓದೋಕೆ ಗೇಮ್ ಅಂತಾರೆ." ಇಬ್ಬರೂ ನಕ್ಕರು. ಅದು ಪುಸ್ತಕ ಅಲ್ಲ, ಆಟದ ನಿಯಮ, ಐದು ಜನ ಕೂತು ದಾಳ ಹಾಕಿ ಆಡುತ್ತೇವೆ ಅಂತ ನಾನು ಆ ಗಲ್ಲಿಯಲ್ಲಿ ನಿಂತು ವಿವರಿಸೋಕೆ ಶುರುಮಾಡಿದೆ. ಯಾಕೆ ವಿವರಿಸಿದೆನೋ ಗೊತ್ತಿಲ್ಲ. ಹಿಂದೆ ಚಾರ್ಜರ್ ಕೊಳ್ಳೋಕೆ ನಿಂತಿದ್ದವರು "ಲೂಡೋನಾ?" ಅಂತ ಕೇಳಿದರು.

ದುಡ್ಡು ವಾಪಸ್ ಕೊಡಿ ಅಂದೆ. "ಬಿಲ್ ತೋರಿಸಿ." ಚೀಟಿ ತೋರಿಸಿದೆ. "ಇದರಲ್ಲಿ ನಮ್ಮ ಅಂಗಡಿ ಹೆಸರು ಎಲ್ಲಿದೆ ಸಾರ್?" ಬೇಡ ಅಂದವನು ನಾನೇ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಉಪಕಾರ ಮಾಡುವವನ ಹಾಗೆ, "ಎಕ್ಸ್‌ಚೇಂಜ್ ಮಾಡಿಕೊಳ್ಳಿ, ಇದಕ್ಕೆ 4,500 ಹಿಡೀತೀನಿ" ಅಂದ. ಎರಡು ದಿನದ ಹಿಂದೆ ಅವನೇ 11,500ಕ್ಕೆ ಮಾರಿದ ಮಾಲಿಗೆ!

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಎರಡೂ ಐಎಂಇಐ ನಂಬರ್‌ಗಳ ಫೋಟೋ ಇಟ್ಟುಕೊಂಡಿದ್ದೇನೆ. ಬಿಲ್ ಒಂದಿದ್ದಿದ್ದರೆ ಇಷ್ಟು ಪರದಾಟ ಇರುತ್ತಿರಲಿಲ್ಲ.

ನೀವು ಕೊಳ್ಳುವುದಾದರೆ ನಿಮ್ಮದೇ ಪಿಡಿಎಫ್ ಒಯ್ಯಿರಿ. ಇರುವುದರಲ್ಲಿ ದಪ್ಪದ್ದು ಎರಡು. ಅಂಗಡಿಯಲ್ಲೇ ಎರಡನ್ನೂ ತೆರೆದು ಹತ್ತು ಸಲ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾರಿ. ಅವರು ಹಾಕುವ ವಿಡಿಯೋ ನೋಡಬೇಡಿ, ವಿಡಿಯೋ ಎಲ್ಲದರಲ್ಲೂ ಬರುತ್ತೆ. ಸಿಮ್ ಹಾಕುವ ಟ್ಯಾಬ್ಲೆಟ್ ಆದರೆ *#06# ಒತ್ತಿ ಡಬ್ಬದ ನಂಬರ್ ಜೊತೆ ಹೋಲಿಸಿ. ಆಮೇಲೆ ಕೆವೈಎಂ (KYM) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಅದು ಯಾವ ಕಂಪನಿಯ ಯಾವ ಮಾಡೆಲ್ ಅಂತ ಉತ್ತರ ಬರುತ್ತದೆ. ನಾನು ಕಳಿಸಿದ್ದು ಎಲ್ಲ ಮುಗಿದ ಮೇಲೆ.

ಇಂಚು ನಂಬಿ ಹೋಗಬೇಡಿ, ಆಕಾರ ನೋಡಿ. ಇದು ಯಾರೂ ಹೇಳುವುದಿಲ್ಲ. ಈ ಆಟದ ಪುಸ್ತಕಗಳು ಹೆಚ್ಚಾಗಿ 8.5 × 11 ಇಂಚಿನವು. ನನ್ನ 10.1 ಇಂಚಿನ 16:10 ಪರದೆ ನಿಲ್ಲಿಸಿ ಹಿಡಿದರೆ ಅಗಲ 5.35 ಇಂಚು. ಪುಟ ಶೇಕಡ 63ಕ್ಕೆ ಕುಗ್ಗಿ, ಮೇಲೆ ಕೆಳಗೆ ಸೇರಿ ಒಂದೂವರೆ ಇಂಚಿಗೂ ಜಾಸ್ತಿ ಖಾಲಿ ಉಳಿಯುತ್ತದೆ. 9.7 ಇಂಚಿನ 4:3 ಪರದೆ ನೋಡೋಕೆ ಸಣ್ಣದು, ಆದರೆ ಅಗಲ 5.8 ಇಂಚು. ಅಕ್ಷರ ಅದರಲ್ಲೇ ದೊಡ್ಡದಾಗಿ ಕಾಣುತ್ತದೆ. ಸಿನಿಮಾ ನೋಡುವವರಿಗೆ 16:10, ನಮ್ಮಂಥವರಿಗೆ 4:3. ಪ್ರಕಾಶಕರು ಅಧ್ಯಾಯಕ್ಕೊಂದು ಫೈಲ್ ಕೊಟ್ಟಿದ್ದರೆ ಅದನ್ನೇ ಇಳಿಸಿಕೊಳ್ಳಿ. ನಾನು ಈಗ ಹಾಗೆ ಮಾಡಿಕೊಂಡು ಹೇಗೋ ದಬ್ಬುತ್ತಿದ್ದೇನೆ. ಪ್ರಾಣಿಗಳ ಪುಟ ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಔಲ್‌ಬೇರ್ ಇನ್ನೂ ಸತ್ತಿಲ್ಲ, ಬರುವ ಭಾನುವಾರ ಅಲ್ಲಿಂದಲೇ ಶುರು.

ಯಾರ ಹತ್ತಿರವಾದರೂ ಮಾರೋಕೆ ಹಳೆಯ 4:3 ಟ್ಯಾಬ್ಲೆಟ್ ಇದ್ದರೆ ತಿಳಿಸಿ. ಬಿಲ್ ಬೇಕೇ ಬೇಕು. ಡಬ್ಬ ಇಲ್ಲದಿದ್ದರೆ ಇನ್ನೂ ಒಳ್ಳೆಯದು.